ಬಡಿಸುವ ಹುಲೆಪ್ಪನ ಪರೀಕ್ಷೆ

ಜೋಳದ ನುಚ್ಚು ತಳ ಹತ್ತುವಾಗ ಏಳುವ ಸೀದ ವಾಸನೆ ಎಂದರೆ ಚಂದಮ್ಮನಿಗೆ ತವರುಮನೆಯೇ ಎದ್ದು ಬಂದಂತೆ. ಮಟಕಿ ಎಂಬ ಊರಿನ ಆ ಮನೆಯಲ್ಲಿ ಅವಳವ್ವ ಬೇಕೆಂದೇ ಒಂದು ಗಳಿಗೆ ತಿರುವುವುದನ್ನು ಬಿಟ್ಟು ಗಡಿಗೆಯ ತಳ ಹತ್ತಿಸುತ್ತಿದ್ದಳು. ಆ ಕೆಂಪು ಪದರದ ಮೇಲೆ ಮಜ್ಜಿಗೆ ಸುರಿದು, ಬೇರೆ ಮಕ್ಕಳಿಗೆ ಕಾಣದ ಹಾಗೆ ಇವಳ ಕೈಗೆ ಕೊಡುತ್ತಿದ್ದಳು.

ಈಗ ಕಲಬುರಗಿಯ ಆಸ್ಪತ್ರೆಯ ಮಂಚದಲ್ಲಿ ದಿಂಬಿಗೆ ಒರಗಿ ಕೂತವಳಿಗೆ, ಫಿನಾಯಿಲಿನ ನಾತವನ್ನು ದಾಟಿ ಅದೇ ವಾಸನೆ ಎಲ್ಲಿಂದಲೋ ಬಂದಂತಾಯಿತು. ಬಾಯಲ್ಲಿ ನೀರೂರಿತು. ಸುಮ್ಮನೆ ನಗು ಬಂತು. ನಕ್ಕರೆ ಹೊಲಿಗೆ ಜಗ್ಗುತ್ತಿತ್ತು, ಆದರೂ ನಕ್ಕಳು. ಹಸಿವು ಬಂತೆಂದರೆ ಮನೆಗೆ ಹೋಗುವ ಕಾಲ ಬಂದ ಹಾಗೆ ಅಲ್ಲವೇ? ಶುಕ್ರವಾರ ತಮ್ಮೂರು ಕೊಳಕೂರಿನಲ್ಲಿ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಕೂಸನ್ನು ಅವಳಿನ್ನೂ ಫೋನಿನಲ್ಲಿ ಮಾತ್ರ ನೋಡಿದ್ದಳು.

ಅನ್ನನಾಳದಲ್ಲಿ ಗಂಟು ಬೆಳೆದಿತ್ತು. ಡಾಕ್ಟರು ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು, ಜಠರವನ್ನೇ ಮೇಲಕ್ಕೆಳೆದು ಎದೆಯೊಳಗೆ ಜೋಡಿಸಿದ್ದರು. ಅಂದಿನಿಂದ ಚಂದಮ್ಮ ನೋಡಲು ಬಂದವರಿಗೆಲ್ಲ, "ನನ್ನ ಹೊಟ್ಟಿ ಈಗ ಎದ್ಯಾಗ ಮನಿ ಮಾಡ್ಯದ" ಎಂದು ಹೇಳುತ್ತಿದ್ದಳು.

"ಅದಕ್ಕೇ ಅಕ್ಕಾ, ನಿನಗ ಹಸಿವಾದ್ರ ಸೀದಾ ದಿಲ್‌ಗೇ ಹತ್ತತದ!" ಎಂದಳು ಪಕ್ಕದ ಮಂಚದ ಸರ್ವರಬೇಗಂ. ಅವಳು ಅಫಜಲಪುರದ ಕಡೆ ಅತನೂರಿನವಳು. ಅವಳಿಗೂ ಅದೇ ಶಸ್ತ್ರಚಿಕಿತ್ಸೆ, ಆದರೆ ಸಂಜೆಯಾದರೆ ಇನ್ನೂ ಸಣ್ಣಗೆ ಜ್ವರ ಏರುತ್ತಿತ್ತು. ಅವಳ ನಾಲಿಗೆಗೆ ಮಾತ್ರ ಜ್ವರದ ಹಂಗಿರಲಿಲ್ಲ.

ಬೆಳಗಿನ ರೌಂಡ್ಸಿಗೆ ಡಾಕ್ಟರ್ ಪಲ್ಲವಿ ಬಂದಳು. ಆಳಂದದ ಹುಡುಗಿ, ರೋಗಿಗಳ ಜೊತೆ ಊರಿನ ಮಾತೇ ಆಡುವವಳು. ಗಾಯ ನೋಡಿದಳು, ಉಸಿರಾಟ ಆಲಿಸಿದಳು, ಚಂದಮ್ಮನನ್ನು ವರಾಂಡದ ತುದಿಯವರೆಗೆ ನಡೆಸಿ ಕರೆತಂದಳು.

"ಜ್ವರ ಇಲ್ಲ. ಗಾಯ ಒಣಗ್ಯದ. ಗುಳಿಗಿಯಿಂದ ನೋವು ತಡೀತದ. ನುಂಗೂದು ಬರೋಬ್ಬರಿ ಅದ. ಅಮ್ಮಾ, ನೀವು ಪಾಸ್."

ಚಂದಮ್ಮ ಮಂಚದಿಂದ ಅರ್ಧ ಎದ್ದೇಬಿಟ್ಟಳು.

"ಕೂಡ್ರಿ, ಕೂಡ್ರಿ." ಡಾಕ್ಟರು ಮಂಚದ ಕಾಲ ಬಳಿ ನಿಂತಿದ್ದ ಅವಳ ಗಂಡ ಹುಲೆಪ್ಪನ ಕಡೆ ತಿರುಗಿದಳು. "ಕಾಕಾ, ನೀವು ಫೇಲ್."

"ನನಗೆಲ್ಲಿ ಆಪರೇಷನ್ ಆಗ್ಯದ್ರಿ ಮೇಡಂ?"

"ನಿನ್ನಿ ಮಧ್ಯಾಹ್ನ ಇವರಿಗಿ ಗಂಜಿ ಎಷ್ಟ ಕೊಟ್ರಿ?"

ಹುಲೆಪ್ಪ ಟವೆಲನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡ. "ನೀವು ಹೇಳಿದಷ್ಟರೀ... ಅದರ ಮ್ಯಾಲ ಒಂದೀಟ. ಬೆಲ್ಲ ಹಾಕಿ."

ಆ 'ಒಂದೀಟ' ಇಡೀ ವಾರ್ಡಿಗೆ ಗೊತ್ತಿತ್ತು. ಅದನ್ನು ಉಂಡ ಸ್ವಲ್ಪ ಹೊತ್ತಿಗೆ ಚಂದಮ್ಮನಿಗೆ ಎದೆ ಡವಡವಗುಟ್ಟಿ, ಮೈಯೆಲ್ಲ ಬೆವೆತು, ಕಣ್ಣಿಗೆ ಕತ್ತಲೆ ಬಂದಿತ್ತು. ಜಾಗ ಬದಲಿಸಿದ ಜಠರ ಹೆಚ್ಚನ್ನೂ ತಾಳದು, ಸಿಹಿಯನ್ನೂ ತಾಳದು.

ಪಾಪ, ಹುಲೆಪ್ಪನ ಕೈಗೆ ಕಡಿಮೆ ಹಾಕಿ ಗೊತ್ತೇ ಇರಲಿಲ್ಲ. ಜೇವರ್ಗಿ ಸೀಮೆಯಲ್ಲಿ ಯಾರ ಮನೆಯ ಮದುವೆಯಾದರೂ ಸಾರಿನ ಬಕೀಟು ಹಿಡಿಯುವವನು ಅವನೇ. ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಬಡಿಸಿಬಿಡುವ ಜಾಣ. ಒಮ್ಮೆ ಬೀಗರೊಬ್ಬರು ಅವನಿಗೆ ಹೆದರಿ ಊಟದ ನಡುವೆಯೇ ಎದ್ದು ಓಡಿದ್ದರು. ಹುಲೆಪ್ಪ ಹೋಳಿಗೆ ಹಿಡಿದು ಬಸ್‌ಸ್ಟ್ಯಾಂಡಿನವರೆಗೂ ಬೆನ್ನಟ್ಟಿದ್ದ.

"ಶುಕ್ರವಾರ ತೊಟ್ಟಿಲದ ಊಟ ಅಂತೀರಿ," ಎಂದಳು ಡಾಕ್ಟರು. "ಬಂದವರೆಲ್ಲ ಒಂದ ತುತ್ತು, ಒಂದ ತುತ್ತು ಅಂತ ಇವರ ಬಾಯಿಗಿ ಇಡ್ತಾರ. ಅವರಿಗಿ ಸಾಕು ಅನ್ನಾಕ ಮನ್ಯಾಗ ಒಬ್ಬ ಮನಷ್ಯಾ ಬೇಕು. ರೋಗಿ ತಯಾರಾದ್ರ ಸಾಲಂಗಿಲ್ಲ ಕಾಕಾ, ಮನೀನೂ ತಯಾರಾಗಬೇಕು. ನಾಳಿ ಮುಂಜಾನಿ ಬಂದು ನಿಮ್ಮ ಪರೀಕ್ಷಾ ತಗೋತೇನಿ."

ಅವಳು ಹೋದದ್ದೇ ತಡ, ಸರ್ವರಬೇಗಂ ಎದ್ದು ಕೂತು ತಲೆಯ ಮೇಲೆ ಸೆರಗು ಸರಿಮಾಡಿಕೊಂಡಳು. ಹುಲೆಪ್ಪನ ಪರೀಕ್ಷೆಗೆ ತಾನೇ ಉಸ್ತಾದ್ ಎಂದು ಯಾರನ್ನೂ ಕೇಳದೆ ನಿರ್ಧರಿಸಿಬಿಟ್ಟಿದ್ದಳು.

"ಅಣ್ಣಾ, ನನ್ನ ಕೈಯಾಗಿನ ಈ ಖಾಲಿ ಬಟ್ಟಲಾನ ಎಲಿ ಅಂತ ತಿಳಿ. ನಾ ಬೀಗತಿ. ನೀರ ಬಡಸು. ಹ್ಞಾಂ, ಸಾಕು!"

ಹುಲೆಪ್ಪನ ಕೈ ನಿಲ್ಲಲಿಲ್ಲ. ನೀರು ಬಟ್ಟಲು ತುಂಬಿ ಹಾಸಿಗೆಗೆ ಚೆಲ್ಲಿತು.

"ಅರೆ ಅಲ್ಲಾ! ನನ್ನನ್ನ ಮುಳುಗಸ್ತೀ ಏನು? ಜ್ವರ ಇಳೀಲಿಲ್ಲಂದ್ರೂ ಜಳಕ ಆತು ನೋಡು!"

ವಾರ್ಡು ಗೊಳ್ಳೆಂದಿತು. ಚಂದಮ್ಮ ಹೊಲಿಗೆಗೆ ದಿಂಬು ಒತ್ತಿ ಹಿಡಿದು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. "ನಗಸಬ್ಯಾಡ್ರೀ, ಎದಿ ಹರೀತದ!"

ಹುಲೆಪ್ಪ ಮಾತ್ರ ನಗಲಿಲ್ಲ. ಚಾದರದ ನೀರನ್ನು ತನ್ನ ಟವೆಲಿನಿಂದ ಒರೆಸುತ್ತ, "ನಮ್ಮಪ್ಪ ಹೇಳತಿದ್ದ," ಎಂದ ತಗ್ಗಿದ ದನಿಯಲ್ಲಿ. "ಉಣ್ಣಾವ್ರು ಸಾಕು ಅನ್ನೂತನಾ ಹಾಕಿದ್ದು ಬರೇ ಅಳತಿ. ಸಾಕು ಅಂದ ಮ್ಯಾಲ ಹಾಕಿದ್ದೇ ಬಡಸಿದ್ದು. ಆಪರೇಷನ್ ಆದಾಗಿಂದ ಆಕಿ ಸಲುವಾಗಿ ಏನ್ ಮಾಡಬೇಕೋ ತಿಳೀವಲ್ದು. ಸೂಜಿ ಹಾಕಾಕ ಬರಂಗಿಲ್ಲ, ಪಟ್ಟಿ ಕಟ್ಟಾಕ ಬರಂಗಿಲ್ಲ. ಬಡಸೂದೊಂದೇ ಬರ್ತದ. ಅದೂ ಬ್ಯಾಡ ಅಂದ್ರ, ಈ ಕೈ ಎಲ್ಲಿಡ್ಲಿ?"

ಚಂದಮ್ಮ ಗಂಡನ ಒದ್ದೆ ಟವೆಲು ನೋಡಿದಳು. ಇಷ್ಟು ವರ್ಷ ತನ್ನ ತಾಟಿಗೂ ಅವನು ಹಾಗೇ ಬಡಿಸಿದ್ದ. ತಾನು 'ಸಾಕು' ಅಂದಾಗಲೆಲ್ಲ ಒಳಗೊಳಗೇ ಇನ್ನೊಂದು ಸೌಟಿನ ದಾರಿ ಕಾಯುತ್ತಿದ್ದುದೂ ಸುಳ್ಳಲ್ಲ. ತಟ್ಟನೆ ಅವಳಿಗೆ ಡಾಕ್ಟರು ಹೇಳಿದ್ದು ನೆನಪಾಯಿತು.

"ಏನ್ರೀ, ಇಲ್ಲಿ ಕೇಳ್ರಿ. ಮದುವ್ಯಾಗ ಎಷ್ಟ ಪಂಕ್ತಿ ಬಡಸ್ತೀರಿ?"

"ಮಂದಿ ಇದ್ದಷ್ಟು. ಎರಡು, ಮೂರು."

"ಎರಡ ತಾಸಿಗೊಮ್ಮೆ ಈಟೀಟ ಉಣ್ಣು ಅಂದಾರ ನನಗ. ಅಂದ್ರ ದಿನಾ ಆರೇಳು ಪಂಕ್ತಿ, ನಾ ಒಬ್ಬಾಕಿಗಿ! ಇನ್ನೊಂದ ಸೌಟು ಹಾಕಬ್ಯಾಡ್ರಿ. ಇನ್ನೊಂದ ಪಂಕ್ತಿ ಹಾಕ್ರಿ."

ಹುಲೆಪ್ಪ ಒರೆಸುವುದನ್ನು ನಿಲ್ಲಿಸಿದ. ಬೆರಳು ಮಡಚಿ ಎಣಿಸಿದ. ಒಂದು ಕೈ ಸಾಲದೆ ಇನ್ನೊಂದನ್ನು ತೆಗೆದ. ಅವನ ಮುಖ ಹಿಗ್ಗುತ್ತ ಹೋಯಿತು.

"ಆರೇಳು ಪಂಕ್ತಿ! ದಿನಾ?"

"ದಿನಾ."

"ಅಲ್ಲಬೇ, ಇದನ್ನ ಮೊದಲ ಯಾಕ ಹೇಳಲಿಲ್ಲ?"

"ಮೇಡಂ ದಿನಾ ಹೇಳಾಕತ್ತಾರ. ನಿಮ್ಮ ಲಕ್ಷ್ಯ ಎಲ್ಲಾ ಗಂಜಿ ಮ್ಯಾಲ!"

ಮರುದಿನ ಡಾಕ್ಟರ್ ಪಲ್ಲವಿ ಬಂದಾಗ ಹುಲೆಪ್ಪ ಸ್ನಾನ ಮಾಡಿ, ಹೊಸ ಟವೆಲು ಹೊದ್ದು, ಪುಟ್ಟ ಬಟ್ಟಲು ಹಿಡಿದು ಮದುವೆಯ ಮಂಟಪದಲ್ಲಿ ನಿಂತವನ ಹಾಗೆ ನಿಂತಿದ್ದ. ಚಂದಮ್ಮ ನೆಟ್ಟಗೆ ಕೂತು, ಸಣ್ಣ ಚಮಚದಲ್ಲಿ ನಿಧಾನವಾಗಿ ಉಂಡಳು. ಬಟ್ಟಲು ಬರಿದಾಯಿತು. ಅವನ ಬಲಗೈ ತಾನಾಗಿಯೇ ಪಾತ್ರೆಯ ಕಡೆ ಒಂದು ಗೇಣು ಸರಿಯಿತು. ವಾರ್ಡು ಉಸಿರು ಬಿಗಿಹಿಡಿಯಿತು. ಕೈ ತಲೆ ಕೆರೆದುಕೊಂಡು ಹಿಂದೆ ಬಂತು.

"ಕಾಕಾ," ಡಾಕ್ಟರು ಮೆಲ್ಲನೆ ಬಲೆ ಬೀಸಿದಳು, "ಚಲೋ ಉಣ್ಣಾಕತ್ತಾರಲ್ಲ, ಇನ್ನೊಂದೆರಡ ಚಮಚಾ ಹಾಕ್ರಿ. ಏನಾಗಂಗಿಲ್ಲ."

ಹುಲೆಪ್ಪ ಪಾತ್ರೆಯ ಮೇಲೆ ಅಂಗೈ ಮುಚ್ಚಿದ. ಅವನ ಪಂಕ್ತಿಯಲ್ಲಿ ಕೂತ ಬೀಗರೆಲ್ಲ ಎಲೆ ಮುಚ್ಚುತ್ತಿದ್ದರಲ್ಲ, ಥೇಟ್ ಹಾಗೆ.

"ಸಾಕ್ರೀ ಮೇಡಂ! ಮುಂದಿನ ಪಂಕ್ತಿ ಎರಡ ತಾಸಿಗಿ. ಅಲ್ಲೀತನಾ ಯಾರ ಬಂದ್ರೂ ಇಲ್ಲ. ನೀವು ಬಂದ್ರೂ ಇಲ್ಲ!"

ಸರ್ವರಬೇಗಂ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದಳು. ನರ್ಸ್ ಬೈಯಲು ಬಂದವಳು ತಾನೇ ಚಪ್ಪಾಳೆ ತಟ್ಟಿದಳು. ಡಾಕ್ಟರು ನಗುತ್ತ, "ಇಬ್ಬರೂ ಪಾಸ್. ನಾಳಿ ಹೊರಡ್ರಿ" ಎಂದಳು.

ಹೊರಡುವಾಗ ಚಂದಮ್ಮ ಸರ್ವರಬೇಗಂಳ ಕೈ ಹಿಡಿದುಕೊಂಡಳು. "ನಿನ್ನಿ ಸಂಜೀಕ ಜ್ವರ ಬಂದಿಲ್ಲ ಅಕ್ಕಾ," ಎಂದಳು ಅವಳು. "ನಿನ್ನ ಗಂಡ ಮಾಡಿಸಿದ ಜಳಕದಿಂದ. ನಡಿ, ನಾ ಹಿಂದಿಂದೇ ಬಂದೆ."

ಶುಕ್ರವಾರ ಕೊಳಕೂರಿನ ಮನೆಯಂಗಳ ತುಂಬಿ ತುಳುಕಿತು. ಚಂದಮ್ಮ ಒಳಗೆ ಬೆನ್ನಿಗೆ ದಿಂಬು ಕೊಟ್ಟು ಕುರ್ಚಿಯಲ್ಲಿ ಕೂತಿದ್ದಳು. ತೊಡೆಯ ಮೇಲೆ ಕೂಸು, ಬೆಚ್ಚಗೆ, ಹಾಲು ಕುಡಿದು ಮಲಗಿತ್ತು. ಹೋಳಿಗೆ ಮುರಿದುಕೊಂಡು ಬಾಗಿಲಿಗೆ ಬಂದ ನಾದಿನಿಯನ್ನು ಹುಲೆಪ್ಪ ಬಕೀಟು ಅಡ್ಡ ಹಿಡಿದೇ ತಡೆದ. "ಅಕೀಗಿ ಸಾಕು! ಆ ಹೋಳಿಗಿ ಇತ್ತ ಕೊಡು, ನಿನ್ನ ಗಂಡನ ಎಲಿ ಖಾಲಿ ಅದ!" ಅಂಗಳದಿಂದ ಅವನ ಕೂಗು ಕೇಳುತ್ತಲೇ ಇತ್ತು: "ಹಾಕ್ಕೋರಿ! ಕೈ ತಗೀರಿ! ಒಂದ ಬ್ಯಾಡ, ಎರಡ ಹಾಕ್ಕೋರಿ!"

ಆಮೇಲೆ ಆ ಕೂಗು ನಡುವೆಯೇ ನಿಂತಿತು. ಹಿತ್ತಲ ಕಡೆಯಿಂದ ಸೀದ ನುಚ್ಚಿನ ವಾಸನೆ ತೇಲಿ ಬಂತು. ಚಂದಮ್ಮ ತಲೆಯೆತ್ತಿ ನೋಡಿದಳು. ಹುಲೆಪ್ಪ ಬಕೀಟನ್ನು ಬಾಗಿಲಾಚೆ ಇಟ್ಟು, ಕಾಲ ಸಪ್ಪಳವಾಗದಂತೆ ಒಳಗೆ ಬಂದ. ಮಲಗಿದ ಕೂಸನ್ನು ಒಂದು ತೋಳಿಗೆ ಎತ್ತಿಕೊಂಡು, ಇನ್ನೊಂದು ಕೈಯಿಂದ ಮಜ್ಜಿಗೆ ಕಲಸಿದ ನುಚ್ಚಿನ ಪುಟ್ಟ ಬಟ್ಟಲನ್ನು ಅವಳ ಅಂಗೈಗಿಟ್ಟ. ಅವಳ ಪಂಕ್ತಿಯ ಹೊತ್ತಾಗಿತ್ತು.