ವರ್ಲಾ ಹೊಳೆ ದಾಟಿದ್ದು

ವರ್ಲಾ ಹ್ಯಾಸ್ಲಮ್‌ಗೆ ಸುಳ್ಳು ಹೇಳಲು ಬರುವುದಿಲ್ಲ. ಬಾರದ ಕೆಲಸಕ್ಕೆ ಕೈಹಾಕಿ ಸುಮ್ಮನೆ ನಿದ್ದೆ ಕೆಡಿಸಿಕೊಂಡಳು.

ಚರ್ಚಿನವರಿಗೆ ಹೇಳಿದ ಸುಳ್ಳಾದರೂ ಎಂಥದ್ದು! “ಮೆರಿಲ್‌ಗೆ ಮೆಟ್ಟಿಲು ಹತ್ತೋಕಾಗಲ್ಲ, ಅದಕ್ಕೇ ಹೊಳೆಯಾಚೆ ಮೆಟ್ಟಿಲಿಲ್ಲದ ಮನೆ ನೋಡಿದೀವಿ.” ಇಷ್ಟೇ. ಆ ಮನೆಗೆ ಮೆಟ್ಟಿಲಿರಲಿಲ್ಲ, ಅದು ನಿಜ. ಆದರೆ ಹೊರಟದ್ದು ಮೆಟ್ಟಿಲಿಗಾಗಿ ಅಲ್ಲ, ಗಾಂಜಾಕ್ಕಾಗಿ.

ಮೆರಿಲ್ ಅವಳ ಗಂಡ. ಜೀವಮಾನವೆಲ್ಲ ಡೇರಿಯಲ್ಲಿ ದುಡಿದ ಕಟ್ಟುಮಸ್ತಾದ ಆಳು. ನರದ ಕಾಯಿಲೆ ಬಂದ ಮೇಲೆ ಕಾಲುಗಳು ಇದ್ದಕ್ಕಿದ್ದಂತೆ ಸೆಟೆದುಕೊಂಡು, ಒದ್ದೆ ಬಟ್ಟೆ ಹಿಂಡಿದ ಹಾಗೆ ಅವನನ್ನು ಹಿಂಡುತ್ತಿದ್ದವು. ಮಾತ್ರೆ ನುಂಗಿದರೆ ನೋವಿನ ಜೊತೆ ಮನುಷ್ಯನೂ ಮಾಯ. ಹೆಂಡತಿಯ ಹೆಸರಿಗೇ ತಡಕಾಡುತ್ತಿದ್ದ. “ಗಾಂಜಾ ಎಣ್ಣೆಯ ಹನಿ ಒಗ್ಗಬಹುದು. ನಮ್ಮ ಕಡೆ ಬಂದು ಮನೆ ಮಾಡಿ, ಅದನ್ನ ಔಷಧಿಯಾಗಿ ಕೊಳ್ಳೋ ಸರ್ಕಾರಿ ಕಾರ್ಡಿಗೆ ನಾನು ಬರೆದುಕೊಡ್ತೀನಿ,” ಎಂದಿದ್ದಳು ಆರಿಗನ್‌ನ ವೈದ್ಯೆ. ಸ್ನೇಕ್ ನದಿಯ ಸೇತುವೆಯ ಆ ತುದಿಯ ಆರಿಗನ್‌ನಲ್ಲಿ ಅದನ್ನು ಅಂಗಡಿಯಲ್ಲಿ ಸಾಲಾಗಿ ಜೋಡಿಸಿಟ್ಟಿರುತ್ತಾರೆ. ಈ ತುದಿಯ ಐಡಹೋದಲ್ಲಿ ಅದೇ ಸೀಸೆ ಜೇಬಿನಲ್ಲಿ ಸಿಕ್ಕರೆ ಪೊಲೀಸ್ ಠಾಣೆ.

“ಕದ್ದುಮುಚ್ಚಿ ತಂದು ಕುಡಿದರೆ ಯಾರು ನೋಡ್ತಾರೆ? ಅರ್ಧ ಊರು ಹಾಗೇ ತರುತ್ತೆ,” ಎಂದ ಮೆರಿಲ್.

“ನಾನು ನೋಡ್ತೀನಲ್ಲ,” ಎಂದಳು ವರ್ಲಾ.

ಇವರು ಕಾಫಿಯನ್ನೂ ಮುಟ್ಟದ ಮಾರ್ಮನ್ ಪಂಥದ ಜನ. ಡಾಕ್ಟರು ಬರೆದುಕೊಟ್ಟರೆ ಔಷಧಿ, ಇಲ್ಲದಿದ್ದರೆ ಅಮಲು. ಅದಕ್ಕೇ ಕಾರ್ಡು, ಅದಕ್ಕೇ ಮೊಮ್ಮಕ್ಕಳೆಲ್ಲ ಹುಟ್ಟಿದ ಮನೆ ಮಾರಿ ಹೊರಡುವುದು. ಹಟ ಅಂದರೆ ಹಟ!

ಈ ಜನರಲ್ಲಿ ಯಾರು ಮನೆ ಬಿಟ್ಟರೂ ಕೂಲಿಯವರನ್ನು ಕರೆಯುವ ಮಾತಿಲ್ಲ. ಚರ್ಚಿನ ಗಂಡಸರೆಲ್ಲ ಶನಿವಾರ ಬೆಳಗ್ಗೆ ಬಂದು, ಪಿಯಾನೋದಿಂದ ಹಿಡಿದು ಉಪ್ಪಿನ ಡಬ್ಬಿಯವರೆಗೆ ಹೊತ್ತು ಹಾಕಿ ಹೋಗುತ್ತಾರೆ. ಆ ಗಂಡಸರ ಮುಖಂಡ ಲವೆಲ್ ಥರ್ಗುಡ್. ಗಾಂಜಾ ಸೇದಿದನೆಂದು ತಂಗಿಯ ಮಗನನ್ನೇ ಮನೆಯಿಂದ ಹೊರಗೆ ಹಾಕಿದವನು. ಅವನ ಹೆಂಡತಿ ಆರ್ಡಿಸ್ ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದಳು. ತಿಂದದ್ದೊಂದೂ ಹೊಟ್ಟೆಯಲ್ಲಿ ನಿಲ್ಲದೆ ಎಷ್ಟೋ ವಾರದಿಂದ ಚರ್ಚಿಗೆ ಬಂದಿರಲಿಲ್ಲ. ಅಂಥ ಸ್ಥಿತಿಯಲ್ಲೂ ಲವೆಲ್, “ಶನಿವಾರ ನಮಗೆ ಬಿಡಿ, ಸಿಸ್ಟರ್ ಹ್ಯಾಸ್ಲಮ್,” ಎಂದಿದ್ದ; ಈ ಚರ್ಚಿನಲ್ಲಿ ಎಲ್ಲರೂ ಬ್ರದರ್, ಸಿಸ್ಟರೇ. ಆ ಮಾತು ಕೇಳಿದಾಗಿನಿಂದ ವರ್ಲಾಗೆ ನಿದ್ದೆಯಿಲ್ಲ. ಸುಳ್ಳು ನಂಬಿಸಿ ಇವರ ಬೆನ್ನ ಮೇಲೆ ಪಿಯಾನೋ ಹೊರಿಸುವುದೇ?

ತಿಂಗಳ ಮೊದಲ ಭಾನುವಾರ ಎಲ್ಲರೂ ಉಪವಾಸವಿದ್ದು ಚರ್ಚಿಗೆ ಬರುತ್ತಾರೆ. ಮನಸ್ಸಿಗೆ ಬಂದವರು ಎದ್ದು ಮನಸ್ಸಿನಲ್ಲಿದ್ದದ್ದನ್ನು ಹೇಳಬಹುದು. ವರ್ಲಾ ಎದ್ದಳು. ಗಾಲಿಕುರ್ಚಿಯಲ್ಲಿದ್ದ ಮೆರಿಲ್ ಅವಳ ಲಂಗದ ಚುಂಗು ಹಿಡಿದೆಳೆದ.

“ಏಯ್, ಕೂತ್ಕೊಳ್ಳೇ ಮಾರಾಯ್ತಿ. ಪಿಯಾನೋ ಆಚೆ ಹೋಗ್ಲಿ, ಆಮೇಲೆ ಹೇಳು.”

ಅವಳು ಲಂಗ ಬಿಡಿಸಿಕೊಂಡು ಮುಂದೆ ಹೋದಳು.

“ನಾನು ನಿಮಗೆಲ್ಲ ಸುಳ್ಳು ಹೇಳಿದೀನಿ. ನಾವು ಹೋಗ್ತಿರೋದು ಮೆಟ್ಟಿಲಿಗಲ್ಲ, ಗಾಂಜಾಕ್ಕೆ. ನನ್ನ ಗಂಡ ನರಳೋದು ನೋಡಿ ನೋಡಿ ನಂಗೆ ಸಾಕಾಗಿದೆ. ಗೊತ್ತಾದ ಮೇಲೂ ಶನಿವಾರ ಬರೋರು ಬನ್ನಿ. ಬರದೇ ಇದ್ರೆ ನಂಗೇನೂ ಬೇಜಾರಿಲ್ಲ.” ಅದೂ ಸುಳ್ಳೇ ತಾನೇ!

ಪ್ರಾರ್ಥನೆ ಮುಗಿಯುತ್ತಲೇ ಲವೆಲ್ ಥರ್ಗುಡ್ ಅವಳ ಕಡೆ ನೋಡದೆ ಹೊರಟುಹೋದ.

ಶನಿವಾರ ಬೆಳಗಾಯಿತು, ಬಿಸಿಲು ಏರಿತು. ಬೀದಿಯಲ್ಲಿ ಒಂದು ನರಪಿಳ್ಳೆಯಿಲ್ಲ. ವರ್ಲಾ ತಾನೇ ಒಂದು ಪೆಟ್ಟಿಗೆ ಎತ್ತಿದಳು.

“ಪಿಯಾನೋನೂ ನೀನೇ ಹೊರ್ತೀಯೋ?” ಎಂದ ಮೆರಿಲ್.

“ಹೊರ್ತೀನಿ. ನೀನು ಮೇಲೆ ಕೂತ್ಕೊಂಡು ಬಾರಿಸು.”

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಲವೆಲ್‌ನ ದನ ಸಾಗಿಸುವ ಲಾರಿ ಕಾಣಿಸಿತು. ಸೆಗಣಿ ತೊಳೆಯುತ್ತಾ ತಡವಾಗಿತ್ತಂತೆ. ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಹಿಂದೆ ಪಿಕಪ್ಪುಗಳ ಸಾಲು, ಚರ್ಚಿನ ಗಂಡಸರು ಪೂರಾ. ವರ್ಲಾ ಪೆಟ್ಟಿಗೆ ಇಳಿಸಿ ಅಡುಗೆಮನೆಗೆ ಹೋಗಿ ಅತ್ತು, ಮುಖ ತೊಳೆದು ಬಂದಳು. ಲವೆಲ್ ದುಡಿದದ್ದೇ ದುಡಿದದ್ದು, ಅವಳೊಡನೆ ಮಾತ್ರ ಒಂದು ಮಾತಿಲ್ಲ. ಎಲ್ಲರ ಕೈಗೂ ಕೆಲಸ ಹಂಚುತ್ತಾ ಅವನು ಮೆರಿಲ್‌ನ ಮುಂದೆ ಬಂದು ನಿಂತ. ಮೇಜಿನ ದೀಪವನ್ನು ಅವನ ತೊಡೆಯ ಮೇಲಿಟ್ಟ.

“ಒಡೆಯೋ ಸಾಮಾನು, ಬ್ರದರ್ ಹ್ಯಾಸ್ಲಮ್. ನಿಮ್ಮ ಜವಾಬ್ದಾರಿ.”

ಸೇತುವೆ ದಾಟಿ ಹೊಸ ಮನೆ ಸೇರುವವರೆಗೂ ಮೆರಿಲ್ ಆ ದೀಪವನ್ನು ಕೂಸಿನಂತೆ ಅಪ್ಪಿಕೊಂಡಿದ್ದ. ಸಾಮಾನು ಇಳಿಸಿದ ಮೇಲೆ ಲವೆಲ್ ಟೋಪಿ ಮುಟ್ಟಿ ಹೊರಟ. ಕರ್ತವ್ಯಕ್ಕೆ ಬಂದ, ಮನಸ್ಸಿನಿಂದಲ್ಲ ಎಂದುಕೊಂಡಳು ವರ್ಲಾ. ಅದಕ್ಕೂ ಅವಳಿಗೆ ಅವನ ಮೇಲೆ ಗೌರವವೇ ಬಂತು.

ಕಾರ್ಡು ಅಂಚೆಯಲ್ಲಿ ಬಂದ ದಿನ ವರ್ಲಾ ಗಂಡನಿಗೆ ಸೂಟು ತೊಡಿಸಿ, ಟೈ ಕಟ್ಟಿದಳು. ಆಗಷ್ಟೇ ಬೇಯಿಸಿದ ಬನ್ನುಗಳನ್ನು ಬುಟ್ಟಿಗೆ ತುಂಬಿಕೊಂಡಳು. ಹೊಸಬರ ಬಾಗಿಲಿಗೆ ಬರಿಗೈಯಲ್ಲಿ ಹೋಗುವುದುಂಟೆ? ಗಾಂಜಾ ಅಂಗಡಿಯಲ್ಲಿ ನೀಲಿ ಕೂದಲಿನ ಹುಡುಗಿ ಕಣ್ಣರಳಿಸಿದಳು.

“ಯಾರ ಮದುವೆ, ಅಜ್ಜ?”

“ನಂದೇ. ಹುಡುಗಿ ಒಪ್ಪಿದ್ರೆ,” ಎಂದ ಮೆರಿಲ್, ವರ್ಲಾಳ ಕಡೆ ನೋಡಿ.

ಹುಡುಗಿ ಬನ್ನು ತಿನ್ನುತ್ತಾ ಎಲ್ಲ ತಿಳಿಸಿಕೊಟ್ಟಳು: ನಾಲಿಗೆಯಡಿಗೆ ಹನಿ, ಮೊದಲು ಸ್ವಲ್ಪವೇ, ಅವಸರ ಬೇಡ. ಮಂತ್ರ ಹಾಕಿದಂತೆ ಏನೂ ಆಗಲಿಲ್ಲ. ಮೊದಮೊದಲು ಮೆರಿಲ್ ತೂಕಡಿಸಿದ, ಬಾಯಿ ಒಣಗುತ್ತದೆಂದು ಗೊಣಗಿದ. ಹನಿ ಹೆಚ್ಚು ಕಡಿಮೆ ಮಾಡುತ್ತಾ ಹೋದಂತೆ, ಒಂದು ಮಧ್ಯಾಹ್ನ ಊಟಕ್ಕೆ ಕೂತವನು ತಟ್ಟೆ ಖಾಲಿಯಾಗುವವರೆಗೂ ಕೂತೇ ಇದ್ದ. ಕಾಲು ಸೆಟೆಯಲಿಲ್ಲ.

“ವರ್ಲಾ, ಇನ್ನೊಂಚೂರು ಗ್ರೇವಿ ಹಾಕೇ,” ಎಂದ. ಹೆಸರಿಗೆ ತಡಕಾಡಲಿಲ್ಲ. ವರ್ಲಾ ಗ್ರೇವಿ ಸುರಿಯುತ್ತಲೇ ಇದ್ದಳು, ತಟ್ಟೆ ತುಂಬಿ ಮೇಜಿಗೆ ಹರಿಯಿತು.

ಅದಾದ ಕೆಲವು ದಿನಕ್ಕೆ ಲವೆಲ್ ಥರ್ಗುಡ್ ಬಂದು ಜಗಲಿಯಲ್ಲಿ ನಿಂತ. ಇಳಿದುಹೋಗಿದ್ದ. ಕೂರಿ ಎಂದರೂ ಕೂರಲಿಲ್ಲ.

“ಆರ್ಡಿಸ್‌ಗೆ ಆ ಕಾರ್ಡ್ ಬೇಕು,” ಎಂದ. “ಆ ಎಣ್ಣೆ ಕೊಟ್ರೆ ತಿಂದದ್ದು ಹೊಟ್ಟೇಲಿ ನಿಲ್ಲುತ್ತಂತೆ. ಆವತ್ತು ಭಾನುವಾರವೇ ಕೇಳ್ಬೇಕು ಅಂತಿದ್ದೆ. ನಾಚಿಕೆಯಾಗಿ ಓಡಿಹೋದೆ. ನನ್ನ ತಂಗಿ ಮಗನಿಗೆ ಏನು ಮಾಡಿದೆ ಅಂತ ನಿಮಗೆ ಗೊತ್ತಲ್ಲ.”

“ಮನೆ?”

“ಇದೇ ಬೀದಿ ಕೊನೇಲಿ ನೋಡಿದೀನಿ. ಯಾರಿಗೂ ಹೇಳಿಲ್ಲ. ಸಾಮಾನು ನಾನೊಬ್ಬನೇ ಸಾಗಿಸ್ತೀನಿ. ನಿಮ್ಮ ಹಾಗೆ ಎದ್ದು ನಿಂತು ಹೇಳೋ ಧೈರ್ಯ ನನಗಿಲ್ಲ, ಸಿಸ್ಟರ್ ಹ್ಯಾಸ್ಲಮ್.”

“ನಂಗೆ ಮಾತ್ರ ಎಲ್ಲಿತ್ತು? ಮೆರಿಲ್ ಲಂಗ ಹಿಡಿದೆಳೆದಾಗ ಇನ್ನೇನು ಕೂತೇಬಿಡ್ತಿದ್ದೆ,” ಎಂದಳು ವರ್ಲಾ. “ನೀವು ಎದ್ದು ನಿಲ್ಲಿ, ಬ್ರದರ್ ಥರ್ಗುಡ್. ಮೊದಲ ಸಾಲಿನಲ್ಲಿ ನಾನು ಕೂತಿರ್ತೀನಿ. ಶನಿವಾರ ಎಲ್ಲರೂ ಬರ್ತಾರೆ, ನೋಡ್ತಾ ಇರಿ.”

ಲವೆಲ್ ಟೋಪಿಯಿಂದ ಮುಖ ಮುಚ್ಚಿಕೊಂಡ. ಆ ದೊಡ್ಡ ಹೆಗಲು ಅಲುಗಿತು.

ಮೆರಿಲ್ ಗಾಲಿಕುರ್ಚಿ ತಳ್ಳಿಕೊಂಡು ಬಾಗಿಲಿಗೆ ಬಂದ.

“ನಿಮ್ಮ ಮನೇಲಿ ಮೇಜಿನ ದೀಪ ಇದೆ ತಾನೇ?” ಎಂದ. “ಅದನ್ನ ಯಾರೂ ಮುಟ್ಟಕೂಡದು. ಅದು ನನ್ನ ಕೆಲಸ.”