ಭಟ್ಟಿಗೊಂದು, ಮೊಸರಿಗೊಂದು

ಶಿವಾಜಿನಗರದ ಗೂಳಪ್ಪ, ಶಿವಗಂಗವ್ವ ದಂಪತಿಯ ಗಟ್ಟಿ ಮೊಸರು, ಶೇಂಗಾ ಹಿಂಡಿ (ಚಟ್ನಿಪುಡಿ) ಎಂದರೆ ಪುಣೆಯ ಕನ್ನಡಿಗರ ಬಾಯಲ್ಲಿ ನೀರೂರುತ್ತದೆ. ಆದರೆ ಕಳೆದ ಶನಿವಾರ ಖರಾಡಿಯ ಕನ್ನಡ ಸಂಘದ ಪ್ರಲ್ಹಾದರಾವ್ ಮೊಸರಿನ ಡಬ್ಬಿ ವಾಪಸು ತಂದರು.

"ಭಾಳ ಹುಳಿ ಅದರೀ. ನಾಳೆ ಚಲೋ ಬಂದ್ರ ನಮ್ಮ ಸಂಘದ ಊಟಕ್ಕ ವರ್ಷಪೂರ್ತಿ ನಿಮ್ಮದ ಮೊಸರು. ಇಲ್ಲಂದ್ರ ಬ್ಯಾರೆಯವರನ್ನ ನೋಡ್ತೀವಿ."

ಶಿವಗಂಗವ್ವನಿಗೆ ಅಳುವೇ ಬಂತು. ಹತ್ತು ವರ್ಷದಲ್ಲಿ ಅವಳ ಮೊಸರು ಒಮ್ಮೆಯೂ ಹೀಗೆ ಮರಳಿರಲಿಲ್ಲ.

ಎಲ್ಲ ಗೂಳಪ್ಪನ ಜಾಣತನ! ಶೇಂಗಾ ಹುರಿಯುವ ಭಟ್ಟಿಯ ಕಾವು ತೋರಿಸುವ ಮೀಟರ್ ನಿಜ ಹೇಳುತ್ತದೆಯೇ ಎಂದು ನೋಡಲು, ಮೊಸರು ಹೆಪ್ಪುಗಟ್ಟಿಸುವ ಬೆಚ್ಚನೆಯ ಪೆಟ್ಟಿಗೆಯಲ್ಲಿ ಬಿಸಿ ಅಳೆಯುವ ಪುಟ್ಟ ಸೆನ್ಸರನ್ನು ಭಟ್ಟಿಗೆ ತುರುಕಿದ. ಅದು ಸುಟ್ಟುಹೋಯಿತು. ಆಮೇಲೆ ಭಟ್ಟಿಯ ಮೀಟರನ್ನೇ ತಂದು ಮೊಸರಿಗೆ ಹಚ್ಚಿದ.

ಮೀಟರ್ ರಿಪೇರಿ ಮಾಡುವ ಪಕ್ಕದ ಮನೆಯ ಮಾಧುರಿಯನ್ನು ಶಿವಗಂಗವ್ವ ಕರೆತಂದಳು.

"ಸಾವಿರ ಡಿಗ್ರಿ ತಡ್ಕೊಳ್ಳೋದು ನಲವತ್ತು ಹೇಳಂಗಿಲ್ಲೇನವಾ?" ಎಂದ ಗೂಳಪ್ಪ.

"ಕಾಕಾ, ಜೋಳದ ಚೀಲ ತೂಗೋ ತಕ್ಕಡ್ಯಾಗ ಬಂಗಾರ ತೂಗ್ತಾರೇನ್ರಿ? ಬಂಗಾರದ ತಕ್ಕಡಿ ಮ್ಯಾಲೆ ಚೀಲ ಒಗದ್ರ ಅದು ಉಳೀತದೇನ್ರಿ? ಭಟ್ಟಿದು ಥರ್ಮೋಕಪಲ್. ಎರಡು ಬ್ಯಾರೆ ಬ್ಯಾರೆ ಲೋಹದ ತಂತಿ ತುದಿಗೆ ಕೂಡಿಸಿರ್ತಾರ. ಬೆಂಕಿಗೆ ಅಂಜಂಗಿಲ್ಲ, ಆದ್ರ ಎರಡ್ಮೂರು ಡಿಗ್ರಿ ಹೆಚ್ಚುಕಮ್ಮಿ ಹೇಳಬಹುದು. ಮೊಸರಿಂದು ಥರ್ಮಿಸ್ಟರ್. ಸಣ್ಣ ಬಿಸೀನೂ ಸರಿಯಾಗಿ ಹಿಡೀತದ, ಭಟ್ಟಿ ಕಾವಿಗೆ ಸಾಯ್ತದ. ಜ್ವರ ನೋಡೋ ಡಿಜಿಟಲ್ ಕಡ್ಡ್ಯಾಗ ಇರೋದೂ ಅದ."

"ಬಾಯಿಮಾತು ಯಾರರ ಆಡ್ತಾರ. ತೋರ್ಸು!"

ಮಾಧುರಿ ಜ್ವರದ ಕಡ್ಡಿ, ತಾನು ತಂದಿದ್ದ ಹೊಸ ಥರ್ಮಿಸ್ಟರ್, ಭಟ್ಟಿಯ ಮೀಟರಿನ ತಂತಿ, ಮೂರನ್ನೂ ಬೆಚ್ಚಗಿನ ನೀರಿನಲ್ಲಿ ಅದ್ದಿದಳು. ಜ್ವರದ ಕಡ್ಡಿ ಮೂವತ್ತೊಂಬತ್ತು ಎಂದಿತು. ಹೊಸ ಥರ್ಮಿಸ್ಟರ್ ಕೂಡ ಅಷ್ಟೇ ಎಂದಿತು. ಭಟ್ಟಿಯ ಮೀಟರ್ ಮಾತ್ರ ಮೂವತ್ತಾರು!

ಗೂಳಪ್ಪನ ಮುಖ ಸಣ್ಣದಾಯಿತು. "ಅಂದ್ರ ನಾ ಮೊಸರಿಗೆ ನಲವತ್ಮೂರು ಇಟ್ಟಾಗ ಒಳಗ ನಲವತ್ತಾರು ಇತ್ತು?"

"ಅದಕ್ಕ ಹುಳಿ ಬಂತು ಕಾಕಾ. ಮತ್ತ, ಎರಡರ ಮೀಟರೂ ಬ್ಯಾರೆ. ತಂತಿ ಅದಲುಬದಲು ಮಾಡಬ್ಯಾಡ್ರಿ."

ಆ ಸಂಜೆಯೇ ಹೊಸ ಥರ್ಮಿಸ್ಟರ್ ಕೂರಿಸಿ ಹೆಪ್ಪು ಹಾಕಿದರು. ಮರುದಿನ ಖರಾಡಿಯಲ್ಲಿ, ಎಲ್ಲರೆದುರು, ಶಿವಗಂಗವ್ವ ಮೊಸರಿನ ಡಬ್ಬಿಯನ್ನು ತಲೆಕೆಳಗು ಹಿಡಿದಳು. ಒಂದು ಹನಿಯೂ ಬೀಳಲಿಲ್ಲ!

ಪ್ರಲ್ಹಾದರಾವ್ ಒಂದು ಚಮಚ ಬಾಯಿಗಿಟ್ಟು ಚಪ್ಪರಿಸಿದರು. "ವರ್ಷಪೂರ್ತಿ ನಿಮ್ಮದರೀ, ಅಕ್ಕಾರ!"

ಊಟದ ಪಂಕ್ತಿಯೇ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಗೂಳಪ್ಪ. "ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ!" ಎಂದು ಮಾಧುರಿಯ ಪಾಠವನ್ನು ಪಂಕ್ತಿಗೆಲ್ಲ ತಾನೇ ಹೇಳುತ್ತ ಹೊರಟ.

ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ನಿಮ್ಮ ಉದ್ಯೋಗದಲ್ಲೂ ಭಟ್ಟಿಯೋ ಮೊಸರಿನ ಪೆಟ್ಟಿಗೆಯೋ ಇದ್ದರೆ ಇಂದೇ ನೋಡಿಕೊಳ್ಳಿ. ಉರಿಯುವ ಕಾವಿಗೆ ಥರ್ಮೋಕಪಲ್, ನಾಜೂಕಿನ ಬಿಸಿಗೆ ಥರ್ಮಿಸ್ಟರ್. ಕೊಳ್ಳುವಾಗ ಎಷ್ಟು ಬಿಸಿ ತಾಳುತ್ತದೆ, ಎಷ್ಟು ಸರಿಯಾಗಿ ತೋರಿಸುತ್ತದೆ ಎಂದು ಅಂಗಡಿಯವರನ್ನು ಕೇಳಿ. ನಾಚಬೇಡಿ. ಗೂಳಪ್ಪನೇ ಕೇಳಿ ಕಲಿತ, ನೀವು ಕಲಿಯದಿರುತ್ತೀರಾ?