ಚೀಲದ ತಳದಲ್ಲಿದ್ದ ಪೆಪ್ಪರ್ ಸ್ಪ್ರೇ

ಮನೆಮನೆಗೆ ಹೋಗಿ ಕರೆಂಟ್ ಮೀಟರ್ ನೋಡಿ ಬಿಲ್ ಕೊಡುವ ಆಕೆಯನ್ನು ಎಲ್ಲರೂ ಮೀಟರಕ್ಕ ಎಂದೇ ಕರೆಯುತ್ತಿದ್ದರು. ನಾಯಿಗೆ ಹೆದರಿದವಳಲ್ಲ, ಬಿಲ್ ನೋಡಿ ಕೂಗಾಡುವವರಿಗೂ ಹೆದರಿದವಳಲ್ಲ. ಅಂಥವಳು ಒಂದು ದಿನ ಕೆಲಸ ಅರ್ಧಕ್ಕೇ ಬಿಟ್ಟು ಮನೆಗೆ ಬಂದು, ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಏನಾಯ್ತೇ?" ಎಂದರು ಅತ್ತೆ.

ಅವಳು ಹೇಳಿದ್ದಿಷ್ಟು: ಒಂದು ಮೂರಂತಸ್ತಿನ ಕಟ್ಟಡದಲ್ಲಿ ಮೀಟರುಗಳೆಲ್ಲ ಮೆಟ್ಟಿಲ ಕೆಳಗಿದ್ದವು. ಎರಡನೇ ಮಹಡಿಯವನೊಬ್ಬ ಪ್ರತಿ ತಿಂಗಳೂ ಅವಳು ಬರುವ ಹೊತ್ತಿಗೆ ಸರಿಯಾಗಿ ಕೆಳಗಿಳಿಯುತ್ತಿದ್ದ. ಮೊದಮೊದಲು ಬಿಲ್ ಜಾಸ್ತಿ ಬಂತೆಂಬ ಮಾತು. ಆಮೇಲೆ ದಾರಿಗೆ ಅಡ್ಡ ನಿಲ್ಲುವುದು. ಅವತ್ತು ಗೇಟು ಎಳೆದು ಮುಚ್ಚಿ, ಅವಳ ಮಣಿಕಟ್ಟು ಹಿಡಿದು, "ಏನವಸರ?" ಎಂದಿದ್ದ. ಹೊರಗೆ ಅಂಚೆಯವನು ಕೂಗಿದ್ದರಿಂದ ಕೈ ಬಿಟ್ಟ.

"ನಾನು ನಗ್ತಾ ಮಾತಾಡಿದ್ದೇ ತಪ್ಪಾಯ್ತೇನೋ. ಇಲ್ಲ ಅವನು ತಮಾಷೆಗೆ ಹಿಡಿದ್ನೋ. ಒಂದೂ ತಿಳೀತಿಲ್ಲ ಅತ್ತೆ."

ಸಂಜೆ ಅವಳ ಗಂಡ ಅಂಗಡಿಯಿಂದ ಒಂದು ಪೆಪ್ಪರ್ ಸ್ಪ್ರೇ ತಂದ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪಗಿನ ಡಬ್ಬಿ. "ಮುಖಕ್ಕೆ ಹೊಡೆದ್ರೆ ಕಣ್ಣು ಬಿಡೋಕಾಗಲ್ಲ. ಅಷ್ಟರಲ್ಲಿ ನೀನು ಓಡಬಹುದು," ಎಂದ.

ಅತ್ತೆಗೆ ಹಿಡಿಸಲಿಲ್ಲ. "ಇದನ್ನ ಹಿಡ್ಕೊಂಡು ಓಡಾಡಿದ್ರೆ ಜನ ಏನಂತಾರೆ? ಅವನೇ ಕಿತ್ಕೊಂಡು ಇವಳ ಮುಖಕ್ಕೆ ಹೊಡೆದ್ರೆ?"

ಮೀಟರಕ್ಕನಿಗೆ ಗಂಡ ಹೇಳಿದ್ದು ಸರಿ ಎನಿಸಿತು. ಅತ್ತೆ ಹೇಳಿದ್ದೂ ಸರಿಯೇ ಎನಿಸಿತು. ಹೊಡೆದಾಗ ಆ ಮನುಷ್ಯನ ಕಣ್ಣೇ ಹೋದರೆ? ಪೊಲೀಸರು ತನ್ನನ್ನೇ ಒಳಗೆ ಹಾಕಿದರೆ? ಇಟ್ಟುಕೊಂಡರೂ ಭಯ, ಬಿಟ್ಟುಹೋದರೂ ಭಯ. ಕೊನೆಗೆ ಯಾರ ಕಣ್ಣಿಗೂ ಬೀಳದಂತೆ ಅದನ್ನು ಚೀಲದ ತಳಕ್ಕೆ ತುರುಕಿದಳು.

ಪಕ್ಕದ ಮನೆಯಲ್ಲಿದ್ದವರು ನಿವೃತ್ತ ಪೊಲೀಸಮ್ಮ. ವಿಷಯ ಕೇಳಿದವರೇ, "ಎಲ್ಲಿ, ತೆಗಿ ನೋಡೋಣ," ಎಂದರು.

ಮೀಟರಕ್ಕ ಚೀಲಕ್ಕೆ ಕೈಹಾಕಿದಳು. ನೀರಿನ ಬಾಟಲಿ ಬಂತು, ಕೊಡೆ ಬಂತು, ಬಿಲ್ ಸುರುಳಿ ಬಂತು. ಡಬ್ಬಿ ಮಾತ್ರ ಬರಲಿಲ್ಲ.

"ಅಷ್ಟು ಹೊತ್ತು ಕಾಯೋಕೆ ಅವನೇನು ನಿನ್ನ ಸೋದರಮಾವನಾ?" ಎಂದರು ಪೊಲೀಸಮ್ಮ.

ಕೊನೆಗೂ ಸಿಕ್ಕಿತು. ಅವಳು ಅದರ ಬಾಯಿ ಹಿಡಿದದ್ದು ತನ್ನ ಮುಖದ ಕಡೆಗೇ. ಅತ್ತೆಗೂ ನಗು ತಡೆಯಲಾಗಲಿಲ್ಲ.

"ಮೊದಲು ಆಫೀಸಿಗೆ ಹೇಳು, ಜೊತೆಗೊಬ್ಬರನ್ನ ಕೇಳು," ಎಂದರು ಪೊಲೀಸಮ್ಮ. "ಇದು ಕಡೇ ದಾರಿ. ನಮ್ಮ ದೇಶದ ಕಾನೂನಲ್ಲಿ ಜೀವ, ಮಾನ ಉಳಿಸ್ಕೊಳ್ಳೋಕೆ ಬಳಸಿದ್ರೆ ತಪ್ಪಿಲ್ಲ. ಸಿಟ್ಟಿಗೋ ತಮಾಷೆಗೋ ಹೊಡೆದ್ರೆ ನಿನ್ನ ಮೇಲೇ ಕೇಸಾಗುತ್ತೆ."

"ಕಣ್ಣು ಹೋಗಲ್ವಾ?"

"ಸಾಮಾನ್ಯವಾಗಿ ಉರಿ ಮುಕ್ಕಾಲು ಗಂಟೆ, ಒಂದು ಗಂಟೇಲಿ ಇಳಿಯುತ್ತೆ. ಇಳೀದಿದ್ರೆ ಡಾಕ್ಟರ ಹತ್ರ ಹೋಗ್ಬೇಕು. ಉಬ್ಬಸ ಇರೋರಿಗೆ ಅಪಾಯ ಜಾಸ್ತಿ. ಅದಕ್ಕೇ ಇದು ಆಟದ ಸಾಮಾನಲ್ಲ."

ಪೊಲೀಸಮ್ಮ ಹಳೆಯ ಸೆಂಟಿನ ಬಾಟಲಿಗೆ ನೀರು ತುಂಬಿ ಹಿತ್ತಲಲ್ಲಿ ಅಭ್ಯಾಸ ಮಾಡಿಸಿದರು. ಅಡ್ಡ ಬರುವ ಗಂಡಸಾಗಲು ಅತ್ತೆಯೇ ಸೆರಗು ಬಿಗಿದು ನಿಂತರು. ಮೊದಲ ಸಲ ಎದುರುಗಾಳಿಗೆ ನೀರೆಲ್ಲ ಮೀಟರಕ್ಕನ ಮುಖಕ್ಕೇ ಬಂತು. ಎರಡನೇ ಸಲ ಅತ್ತೆ ಗದರಿಸಿದ್ದಕ್ಕೆ ಒತ್ತುವುದನ್ನೇ ಮರೆತಳು. ಹತ್ತನೇ ಸಲಕ್ಕೆ ಹಿಂದೆ ಸರಿದು, ಜೋರಾಗಿ ಎಚ್ಚರಿಸಿ, ಕಣ್ಣಿಗೆ ಗುರಿಯಿಟ್ಟು ಹೊಡೆದಳು.

"ಆಮೇಲೆ?" ಎಂದರು ಅತ್ತೆ, ಮುಖ ಒರೆಸಿಕೊಳ್ಳುತ್ತ.

"ಆಮೇಲೆ ನಿಂತು ನೋಡೋದಲ್ಲ, ಓಡೋದು. ಬೀದಿಗೆ ಬಂದು ಕೂಗೋದು," ಎಂದರು ಪೊಲೀಸಮ್ಮ.

ಜೊತೆಗೊಬ್ಬರನ್ನು ಕೇಳಿದ್ದಕ್ಕೆ ಆಫೀಸಿನವರು ಆಮೇಲೆ ನೋಡೋಣ ಎಂದರು. ಮುಂದಿನ ತಿಂಗಳೂ ಆ ಕಟ್ಟಡಕ್ಕೆ ಒಬ್ಬಳೇ ಹೋಗಬೇಕಾಯಿತು. ಬೆಳಗಿನ ಹನ್ನೊಂದು ಗಂಟೆ. ಗೇಟು ಮುಚ್ಚದಂತೆ ಇಟ್ಟಿಗೆ ಇಟ್ಟಳು. ಡಬ್ಬಿ ಅಂಗಿಯ ಜೇಬಿನಲ್ಲಿತ್ತು.

ಅವನು ಇಳಿದು ಬಂದ. "ಹೋದ ಸಲ ಕೋಪ ಬಂತಾ?"

ಕ್ಷಮೆ ಕೇಳಲು ಬಂದನೋ ಏನೋ ಎಂದುಕೊಂಡಳು. ಆದರೆ ಅವನು ಕಾಲಿನಿಂದ ಇಟ್ಟಿಗೆಯನ್ನು ಸರಿಸಿದ. ಆಗ ಗೊಂದಲ ಉಳಿಯಲಿಲ್ಲ.

"ದೂರ ನಿಂತ್ಕೊಳ್ಳಿ," ಎಂದಳು, ಮೇಲಿನ ಮಹಡಿಗೂ ಕೇಳುವಂತೆ. ಅವನು ಕೈ ಚಾಚಿದ. ಅವಳು ಒತ್ತಿದಳು.

ಅವನು ಮುಖ ಹಿಡಿದು ಕುಸಿದ. ಅವಳಿಗೂ ಘಾಟು ತಾಗಿ ಕೆಮ್ಮು ಬಂತು, ಕಣ್ಣು ಕತ್ತಲಿಟ್ಟಿತು, ಗೇಟು ಯಾವ ಕಡೆ ಎಂದೇ ತಿಳಿಯಲಿಲ್ಲ. ಗೋಡೆ ತಡವುತ್ತ ಬೀದಿಗೆ ಬಂದು ಕೂಗಿದಳು. ಇಸ್ತ್ರಿ ಅಂಗಡಿಯವರು ಓಡಿ ಬಂದು ತಣ್ಣೀರು ಕೊಟ್ಟರು. ಕಣ್ಣು ಉಜ್ಜದೆ ನೀರು ಹಾಕುತ್ತಲೇ ಇದ್ದಳು.

ಅಷ್ಟರಲ್ಲಿ ಅವನೂ ಹೊರಗೆ ಬಂದ. "ಸುಮ್ನೆ ನಿಂತವನಿಗೆ ಹೊಡೆದ್ಲು," ಎಂದು ಕಿರುಚಿದ. ಜನ ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡಿದರು. "ಪಾಪ, ಮರ್ಯಾದಸ್ಥ ಮನುಷ್ಯ," ಎಂದರು ಯಾರೋ. ಮೀಟರಕ್ಕ ಪೊಲೀಸಮ್ಮನಿಗೆ ಫೋನ್ ಮಾಡಿದಳು. ತಾನೇ ತಪ್ಪು ಮಾಡಿದೆನೇ?

ಫೋನಿನಲ್ಲಿ ಪೊಲೀಸಮ್ಮ ಹೇಳಿದ್ದು ಒಂದೇ ಮಾತು: "ಠಾಣೆಗೆ ಬಾ. ನಾನೂ ಹೊರಟೆ. ನಡೆದದ್ದನ್ನ ನಡೆದ ಹಾಗೆ ಹೇಳು."

ಠಾಣೆಯಲ್ಲಿ ಅವಳು ಮೊದಲಿಂದ ಎಲ್ಲವನ್ನೂ ಹೇಳಿದಳು. ಆಗ ಆ ಕಟ್ಟಡದ ಮೆಟ್ಟಿಲು ಗುಡಿಸುವ ಹೆಂಗಸು ಒಳಗೆ ಬಂದಳು. "ಇವರು ಕೂಗಿದ್ದು ಕೇಳಿಸ್ತು, ಅದಕ್ಕೇ ಬಂದೆ. ನನ್ನ ಕೈನೂ ಹೀಗೇ ಹಿಡಿದಿದ್ದ ಸಾರ್. ನನ್ನದೇ ತಪ್ಪೇನೋ ಅಂತ ಬಾಯಿ ಮುಚ್ಕೊಂಡಿದ್ದೆ," ಎಂದಳು. ಇಬ್ಬರು ಹೆಂಗಸರ ದೂರೂ ದಾಖಲಾಯಿತು.

ಅಂದು ಅತ್ತೆ ತಾವೇ ಸೊಸೆಯ ಕಣ್ಣಿಗೆ ಒದ್ದೆ ಬಟ್ಟೆ ಇಟ್ಟರು. "ತಪ್ಪು ಅವನದು," ಎಂದರು. "ನಿನ್ನ ಕೈಲಿ ಡಬ್ಬಿ ಇದ್ರೂ ಅವನದೇ, ಇಲ್ದಿದ್ರೂ ಅವನದೇ. ಇದನ್ನ ನಾನು ಮೊದಲ ದಿನವೇ ಹೇಳ್ಬೇಕಿತ್ತು."

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ನಿಮ್ಮಲ್ಲಿ ಪೆಪ್ಪರ್ ಸ್ಪ್ರೇ ಬಗ್ಗೆ ಕಾನೂನು ಏನಿದೆ ಎಂದು ಠಾಣೆಯಲ್ಲಿ ಕೇಳಿ ತಿಳಿಯಿರಿ. ಇಟ್ಟುಕೊಂಡರೆ ಕೈಗೆ ಸಿಗುವಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಅವಧಿ ಮುಗಿಯುವ ತಾರೀಕು ನೋಡಿ. ಗಾಳಿ ನೋಡಿ ಹೊಡೆಯಿರಿ. ಆದಷ್ಟೂ ಮುಚ್ಚಿದ ಕೋಣೆಯಲ್ಲಿ ಬೇಡ. ಹೊಡೆದ ಕೂಡಲೇ ಓಡಿ, ಆಮೇಲೆ ದೂರು ಕೊಡಿ.

ಮನೆಯವರಿಗೂ ಒಂದು ಮಾತು. ನಿಮ್ಮ ಹೆಣ್ಣುಮಗಳು ಹೆದರಿ ಮನೆಗೆ ಬಂದ ದಿನ "ನೀನ್ಯಾಕೆ ಅಲ್ಲಿಗೆ ಹೋದೆ" ಎಂದು ಕೇಳಬೇಡಿ. ಪಕ್ಕದಲ್ಲಿ ಕೂತು, ಅವಳು ಹೇಳುವುದನ್ನು ಪೂರ್ತಿ ಕೇಳಿ.